ಆಟ ಬಾರದ ತೀರ್ಪುಗಾರ

ಎಲ್ಲ ಗೊತ್ತಿದೆ ಎಂಬ ಕಾರಣಕ್ಕೆ ಕುರ್ಚಿ ಸಿಕ್ಕವರನ್ನು ನಾವೆಲ್ಲ ನೋಡಿದ್ದೇವೆ. ಗೊತ್ತಿದೆ ಎಂದು ಸುಳ್ಳು ಹೇಳಿ ಕುರ್ಚಿ ಹಿಡಿದವರನ್ನಂತೂ ದಿನ ಬೆಳಗಾದರೆ ನೋಡುತ್ತಿದ್ದೇವೆ. ಆದರೆ ಏನೇನೂ ಗೊತ್ತಿಲ್ಲ ಎಂಬ ಒಂದೇ ಯೋಗ್ಯತೆಯ ಮೇಲೆ ಕುರ್ಚಿ ಸಂಪಾದಿಸಿ, ಆಮೇಲೆ 'ಅಯ್ಯೋ, ಗೊತ್ತಾಗಿಬಿಟ್ಟಿತಲ್ಲ' ಎಂದು ಕೈ ಕೈ ಹಿಸುಕಿಕೊಂಡ ಮನುಷ್ಯ ಈ ಟೈಲರ್ ಒಬ್ಬನೇ ಇರಬೇಕು.

ಅವನ ಅಂಗಡಿ ಇದ್ದದ್ದು ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ. ಅಂಗಡಿ ಎಂದರೆ ಒಂದು ಹೊಲಿಗೆ ಯಂತ್ರ, ಇಸ್ತ್ರಿ ಮಾಡಲು ಕಂಬಳಿ ಹಾಸಿದ ಮೇಜು, ಮೂಲೆ ಒಡೆದ ನಿಲುಗನ್ನಡಿ, ಅಳತೆ ಕೊಡುವವರು ಮರೆಯಾಗಲು ಒಂದು ಪರದೆ. ಹೊಸ ಬಟ್ಟೆ ಹೊಲಿಸುವವರು ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ಈಗ ಬರುವವರೆಲ್ಲ ಸಿದ್ಧ ಉಡುಪು ಕೊಂಡು, ಅದು ಮೈಗೆ ಸರಿಯಾಗದೆ ಬರುವವರು. ಉದ್ದ ಪ್ಯಾಂಟನ್ನು ಗಿಡ್ಡ ಮಾಡುವುದು, ಹೊಟ್ಟೆ ಬಂದವರ ಸೊಂಟ ಬಿಚ್ಚುವುದು, ಹೊಟ್ಟೆ ಕರಗಿಸಿದೆ ಎಂದವರ ಸೊಂಟ ಹಿಡಿದು ಮತ್ತೆ ಆರು ತಿಂಗಳಿಗೆ ಬಿಚ್ಚುವುದು, ಇಷ್ಟೇ ಕೆಲಸ. ಬಂದವರು ಬೆರಳಿಟ್ಟು "ಇಲ್ಲಿಗೆ ಕತ್ತರಿಸಿ" ಎನ್ನುತ್ತಿದ್ದರು. ಇಲ್ಲಿಗೆ ಬೇಡ, ಒಂದು ಇಂಚು ಕೆಳಗಿರಲಿ ಎಂದು ಅವನಿಗೆ ಅನ್ನಿಸುತ್ತಿತ್ತು, ಆದರೆ ಕೇಳಿದವರು ಯಾರು?

ಮನೆಯಲ್ಲೂ ಅದೇ ಪಾಡು. ಹೆಂಡತಿ ದೊಡ್ಡ ಆಸ್ಪತ್ರೆಯ ಬಟ್ಟೆ ಕೋಣೆಯನ್ನು ನೋಡಿಕೊಳ್ಳುವ ಹೆಂಗಸು. ದಿನಕ್ಕೆ ಆರುನೂರು ಹಾಸಿಗೆ ಬಟ್ಟೆ ಎಲ್ಲಿಂದ ಬಂದವು, ಎಲ್ಲಿಗೆ ಹೋದವು ಎಂದು ಬೆರಳ ತುದಿಯಲ್ಲಿಟ್ಟುಕೊಂಡವಳು. ಅಂಥವಳಿಗೆ ಮೂರು ಜನರ ಮನೆ ಯಾವ ಲೆಕ್ಕ? ಎಲ್ಲವನ್ನೂ ತಾನೇ ತೀರ್ಮಾನಿಸುತ್ತಿದ್ದಳು, ತೀರ್ಮಾನಿಸಿದ್ದು ಸರಿಯಾಗಿಯೂ ಇರುತ್ತಿತ್ತು, ಅದೇ ತೊಂದರೆ. ಮಗಳು ಕೂಡ "ಅಮ್ಮಾ, ಇದು ಹಾಕ್ಕೊಳ್ಲಾ?" ಎಂದು ಅಮ್ಮನನ್ನೇ ಕೇಳುವಳು, ಅಪ್ಪ ಟೈಲರ್ ಆಗಿದ್ದರೂ. ಒಂದು ಸಂಜೆ ಅವನು ಮನೆಯ ಬಾಗಿಲು ತೆರೆದರೆ ಗೋಡೆಗಳೆಲ್ಲ ಹಸಿರು. ತಪ್ಪಿ ಪಕ್ಕದ ಮನೆಗೆ ನುಗ್ಗಿದೆನೆಂದು ಗಾಬರಿಯಾಗಿ ಹೊರಗೆ ಬಂದು ಬಾಗಿಲ ಸಂಖ್ಯೆ ನೋಡಿದ. ತನ್ನದೇ ಮನೆ.

"ಏನ್ರೀ ಅಲ್ಲೇ ನಿಂತ್ರಿ? ಬಣ್ಣ ಹೊಡೆಸಿದೆ. ಚೆನ್ನಾಗಿದೆ ಅಲ್ವಾ?" ಎಂದಳು ಹೆಂಡತಿ ಒಳಗಿನಿಂದ. ಅವನು ಉತ್ತರ ಹುಡುಕುವಷ್ಟರಲ್ಲಿ "ಚೆನ್ನಾಗಿದೆ" ಎಂದು ತಾನೇ ಹೇಳಿಕೊಂಡು ಅಡುಗೆ ಮನೆಗೆ ಹೋದಳು. ಅವನಿಗೆ ಹಸಿರು ಅಷ್ಟಾಗಿ ಹಿಡಿಸದು, ಅದನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ.

ಇನ್ನು ಮೇಲಿನ ಮಹಡಿಯ ಸಂಗತಿ. ಪ್ರತಿ ಶನಿವಾರ ಮಧ್ಯಾಹ್ನ ಮೂರಕ್ಕೆ ಆರು ಜನ ಮರದ ಪೆಟ್ಟಿಗೆಗಳನ್ನು ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಆಮೇಲೆ ಮೂರು ತಾಸು ಟೈಲರ್‌ನ ತಲೆಯ ಮೇಲೆ ಧಡಬಡ ಸದ್ದು, ಕೂಗಾಟ. "ಫಿರಂಗಿ ಹಾರ್ಸಿ!" "ಸ್ನಾನದ ತೊಟ್ಟಿ ಮುಳುಗ್ತು!" "ಒಂಟೆ ಹಿಂದೆ ಸರೀಲಿ ಅಂದ್ರೆ!" ಕೆಳಗೆ ಕೂತು ಕಾಜಾ ಹೊಲಿಯುವವನಿಗೆ ಇದರ ತಲೆಬುಡ ಹೇಗೆ ತಿಳಿಯಬೇಕು? ನಾಟಕದವರಿರಬೇಕು ಎಂದುಕೊಂಡ. ಜೂಜಿನವರೋ ಎಂದೂ ಅನುಮಾನಪಟ್ಟ. ಆದರೆ ಜೂಜಿನವರು ಇಳಿದು ಹೋಗುವಾಗ ಅಷ್ಟು ನಗುನಗುತ್ತಾ ಹೋಗುವುದಿಲ್ಲ.

ಒಂದು ಶನಿವಾರ ಆ ಆರು ಜನರಲ್ಲಿ ಹಿರಿಯರಾದ ಗಣಿತದ ಮೇಷ್ಟ್ರು ಕೆಳಗಿಳಿದು ಬಂದರು. ಕೆಲಸದಿಂದ ನಿವೃತ್ತರಾದರೂ ಅಂಗಿಯ ಜೇಬಿನಲ್ಲಿ ಕೆಂಪು ಶಾಯಿಯ ಪೆನ್ನು ಸಿಕ್ಕಿಸಿಕೊಂಡೇ ಓಡಾಡುವ ಮನುಷ್ಯ.

"ಟೈಲರೇ, ಒಂದು ನಿಮಿಷ ನಿಮ್ಮ ಟೇಪು ಕೊಡ್ತೀರಾ? ನಮ್ಮದು ಹಳೇದು, ಎಳೆದೂ ಎಳೆದೂ ಹಿಗ್ಗಿದೆ."

"ಟೇಪು, ಕತ್ತರಿ ಎರಡನ್ನ ಬಿಟ್ಟು ಏನು ಬೇಕಾದ್ರೂ ಕೇಳಿ ಮೇಷ್ಟ್ರೇ. ಅವನ್ನ ಮಾತ್ರ ಕೈಬಿಟ್ಟು ಕೊಡಲ್ಲ. ಅಳೆಯೋದಿದ್ರೆ ನಾನೇ ಬರ್ತೀನಿ."

ಹಾಗೆ ಹತ್ತಿದ ಮೆಟ್ಟಿಲು. ಕೋಣೆಯ ನಡುವೆ ಎರಡು ದೊಡ್ಡ ಮೇಜು ಜೋಡಿಸಿ ಹಸಿರು ಬಟ್ಟೆ ಹಾಸಿದ್ದರು. ಅದರ ಮೇಲೆ ಥರ್ಮಕೋಲಿನ ಗುಡ್ಡಗಳು, ಬೆಂಕಿಕಡ್ಡಿಯ ಸೇತುವೆ, ಬೆಂಕಿಪೊಟ್ಟಣದ ಕೋಟೆ. ನೂರಾರು ಬೆರಳುದ್ದದ ತವರದ ಸಿಪಾಯಿಗಳು ಸಾಲಾಗಿ ನಿಂತಿದ್ದರು, ಕೆಂಪು ಕೋಟಿಗೆ ಬಿಳಿಯ ಗುಂಡಿ ಕೂಡ ಬಿಡಿಸಿತ್ತು. ನಾಲ್ಕು ಆಳು ಹೊತ್ತ ಸ್ನಾನದ ತೊಟ್ಟಿಯೊಂದಿತ್ತು, ಅದರಲ್ಲಿ ಮೀಸೆ ಬಿಟ್ಟ ಜನರಲ್ ಟೋಪಿ ಹಾಕಿಕೊಂಡೇ ಕೂತಿದ್ದ. ಪಿಯಾನೋ ಹೊತ್ತ ಒಂಟೆಯೊಂದಿತ್ತು. ಟೈಲರ್ ಕಣ್ಣು ಕಣ್ಣು ಬಿಟ್ಟು ನೋಡಿದ. ಬೆಳೆದ ಗಂಡಸರು, ಒಬ್ಬರ ತಲೆಯೂ ಕಪ್ಪಗಿಲ್ಲ, ಗೊಂಬೆ ಇಟ್ಟುಕೊಂಡು ಜಗಳವಾಡುತ್ತಿದ್ದಾರೆ!

"ಇದು ದೊರೆಗಳ ಕಾಲದ ಯುದ್ಧ" ಎಂದು ಕಾಂಪೌಂಡರ್ ವಿವರಿಸಲು ಹೊರಟ. ಕಾಂಪೌಂಡರ್ ಎಂದರೆ ಎದುರಿನ ಔಷಧಿ ಅಂಗಡಿಯವನು, ದೊಡ್ಡ ಗಂಟಲಿನ ಆಸಾಮಿ. "ಹಡಗಲ್ಲಿ ಬಂದು ಕಂಡೋರ ನೆಲಕ್ಕೆ ಬಾವುಟ ಊರ್ತಿದ್ರಲ್ಲ, ಆ ದೊರೆಗಳು. ನಾನು ದೊರೆಗಳ ಕಡೆ, ಮೇಷ್ಟ್ರು ಗುಡ್ಡದ ರಾಜನ ಕಡೆ. ನನ್ನ ಜನರಲ್ ದಿನಕ್ಕೆರಡು ಸಲ ಸ್ನಾನ ಮಾಡ್ದೆ ಒಂದು ಹೆಜ್ಜೆ ಇಡಲ್ಲ..."

"ಶ್! ಬಾಯಿ ಮುಚ್ಚಿ!" ಎಂದು ಮೇಷ್ಟ್ರು ಗದರಿದರು. "ಅವರಿಗೆ ಏನೂ ಹೇಳ್ಬೇಡಿ. ಟೈಲರೇ, ಈ ಆನೆ ಆ ಕೋಟೆ ಬಾಗಿಲಲ್ಲಿ ಹೋಗುತ್ತಾ ಇಲ್ವಾ, ಅಷ್ಟು ನೋಡಿ."

ಟೈಲರ್ ಆನೆಯನ್ನು ಎತ್ತಿ ನೋಡಿದ. ಕೈ ಅಭ್ಯಾಸ, ಟೇಪನ್ನು ಸೀದಾ ಅದರ ಸೊಂಟಕ್ಕೆ ಸುತ್ತಿದ. ಬಾಗಿಲನ್ನೂ ಅಳೆದ. "ಸೊಂಟ ಹಿಡಿಯುತ್ತೆ. ತಲೆ ಹೋಗುತ್ತೆ, ಹಿಂದು ಹೋಗಲ್ಲ. ಎರಡೂ ಕಡೆ ಕಾಲಿಂಚು ಬಿಚ್ಚಬೇಕು" ಎಂದ. ಆರೂ ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆನೆ ಬಾಗಿಲಲ್ಲೇ ಸಿಕ್ಕಿಕೊಂಡಿತು, ಅದರ ಹಿಂದಿನ ಸೈನ್ಯವೆಲ್ಲ ಹೊರಗುಳಿಯಿತು, ಸೋತ ಕಾಂಪೌಂಡರ್ ತುಟಿಪಿಟಕ್ಕೆನ್ನದೆ ಒಪ್ಪಿಕೊಂಡ.

"ಸಿಕ್ಕಿದರು" ಎಂದರು ಮೇಷ್ಟ್ರು, ಕಳೆದ ವಸ್ತು ಸಿಕ್ಕವರ ಹಾಗೆ.

ಆ ಗೋಡೆಯ ಮೇಲೆ ಒಂದು ಫಲಕವಿತ್ತು. ಅಂಗಡಿಗಳ ಬೋರ್ಡ್ ಬರೆಯುವ ಪೇಂಟರ್ ಆ ಬಳಗದಲ್ಲೊಬ್ಬ. ಸಿಪಾಯಿಗಳಿಗೆ ಮೀಸೆ ಬರೆಯುವವನೂ ಅವನೇ. ಅವನು ದುಂಡಗೆ ಬರೆದಿದ್ದ: "ತೀರ್ಪು ಹೇಳುವವರಿಗೆ ಆಟ ಬರತಕ್ಕದ್ದಲ್ಲ." ಅದಕ್ಕೊಂದು ಹಿನ್ನೆಲೆಯಿತ್ತು. ಹಿಂದೆ ಒಬ್ಬ ಆಟ ಚೆನ್ನಾಗಿ ಬರುವವನನ್ನೇ ತೀರ್ಪುಗಾರ ಮಾಡಿದ್ದರಂತೆ. ಅವನು ತೀರ್ಪು ಹೇಳುವ ಬದಲು "ಆ ಕುದುರೆ ಎಡಕ್ಕಿಡಬೇಕಿತ್ತು, ನೀವು ದಡ್ಡತನ ಮಾಡಿದ್ರಿ" ಎಂದು ಆಟವನ್ನೇ ಹೇಳಿಕೊಡತೊಡಗಿದ. ಕಾಂಪೌಂಡರ್ ತಾಳ್ಮೆಗೆಟ್ಟು ಕೋಟೆ ಎತ್ತಿ ಅವನ ಮೇಲೆ ಎಸೆದ. ಎರಡು ವರ್ಷ ಬಳಗ ಒಡೆದು ಎರಡಾಗಿತ್ತು. ಮತ್ತೆ ಒಂದಾದಾಗ ಈ ನಿಯಮ ಬಂತು. ಆಟದ ನಿಯಮಗಳ ಪುಸ್ತಕದಲ್ಲಿ ಉತ್ತರವಿಲ್ಲದ ತಕರಾರು ಬಂದರೆ ಅದು ತೀರ್ಪುಗಾರನ ಮುಂದೆ ಹೋಗಬೇಕು. ಅವನು ಏನೂ ಅರಿಯದವನಾಗಿರಬೇಕು. ಅವನು ಹೇಳಿದ್ದೇ ಕೊನೆ. ಆಟ ಬಂದ ದಿನ ಅವನು ಎದ್ದು ಹೋಗಬೇಕು, ಎರಡೂ ಕಡೆಯ ಗುಟ್ಟು ಕೇಳಿದವನಾದ್ದರಿಂದ ಆಡುವುದಕ್ಕೂ ಕೂರುವಂತಿಲ್ಲ.

ಕುರ್ಚಿ ಕೊಡುವ ಮೊದಲು ಪರೀಕ್ಷೆಯನ್ನೂ ಮಾಡಿದರು. ಇಪ್ಪತ್ತು ಪ್ರಶ್ನೆ, ಹೌದು ಅಥವಾ ಇಲ್ಲ ಎಂದು ಬರೆದರಾಯಿತು. 'ಜನರಲ್ ತೊಟ್ಟಿಯಲ್ಲಿರುವಾಗ ಫಿರಂಗಿ ಹಾರಿಸಬಹುದೇ?' 'ಚಹಾ ತಣ್ಣಗಾದರೆ ಸೈನ್ಯ ಮುಂದೆ ಹೋಗಬಹುದೇ?' ಟೈಲರ್‌ಗೆ ಬೆವರು ಕಿತ್ತುಕೊಂಡಿತು. ಕೈಗೆ ಬಂದದ್ದು ಬರೆದ. ಒಂಬತ್ತು ಸರಿ, ಹನ್ನೊಂದು ತಪ್ಪು. ಮೇಷ್ಟ್ರು ಕೆಂಪು ಶಾಯಿಯಲ್ಲಿ ಅದನ್ನು ಬರೆದು "ಅಪ್ಪಟ ಅಜ್ಞಾನ" ಎಂದು ಬೆನ್ನು ತಟ್ಟಿದರು. ಬಾಳಿನಲ್ಲಿ ಮೊದಲ ಸಲ ಫೇಲಾಗಿ ಶಹಬ್ಬಾಸ್ ಅನ್ನಿಸಿಕೊಂಡದ್ದು. ಹಿಗ್ಗಬೇಕೋ ನಾಚಬೇಕೋ ತಿಳಿಯದೆ ಟೈಲರ್ ಟೇಪು ಸುತ್ತುತ್ತಾ ನಿಂತ.

ಆದರೆ ಹಿಗ್ಗಿದ್ದು ನಿಜ. ಮುಂದಿನ ಶನಿವಾರಗಳಲ್ಲಿ ಏನೇನು ತಕರಾರು ಬಂದವು! ಜನರಲ್‌ನ ನಕಾಶೆ ತಲೆಕೆಳಗಾಗಿತ್ತು ಎಂದು ಆಟದ ನಡುವೆ ಎತ್ತುವ ಚೀಟಿಯಲ್ಲಿ ಬಂದರೆ ಸೈನ್ಯ ಹಿಂದಕ್ಕೆ ನಡೆಯಬೇಕು ಎಂದು ಪುಸ್ತಕ ಹೇಳುತ್ತಿತ್ತು. ಹಿಂದೆ ನದಿಯಿದ್ದರೆ? ಪುಸ್ತಕ ಸುಮ್ಮನಿತ್ತು. ಪಿಯಾನೋ ಹೊತ್ತ ಒಂಟೆ ನದಿಗೆ ಬಿದ್ದರೆ ಮುಳುಗುವುದು ಒಂಟೆಯೋ ಪಿಯಾನೋನೋ? ಆರು ಜನ ಕಿತ್ತಾಡಿ ಕೊನೆಗೆ ಅವನತ್ತ ತಿರುಗುತ್ತಿದ್ದರು. ಕೋಣೆ ನಿಶ್ಶಬ್ದ. ಆರು ಜನ, ಅದರಲ್ಲಿ ಒಬ್ಬರು ಮೇಷ್ಟ್ರು, ಅವನ ಬಾಯನ್ನೇ ನೋಡುತ್ತಿದ್ದರು. ಅವನು ಬಟ್ಟೆಯ ಬುದ್ಧಿಯಲ್ಲೇ ಯೋಚಿಸಿ ಹೇಳುತ್ತಿದ್ದ: "ಪಿಯಾನೋ ಕಟ್ಟಿರೋ ಹಗ್ಗ ನೋಡಿ, ಒಂದೇ ಸುತ್ತು. ನೀರು ಬಿದ್ರೆ ಗಂಟು ಜಾರುತ್ತೆ. ಒಂಟೆ ಬದುಕುತ್ತೆ." ಮೇಷ್ಟ್ರು ಮೇಜು ಕುಟ್ಟಿ ಹೇಳುವರು: "ಟೈಲರ್ ಹೇಳಿದ ಮೇಲೆ ಮುಗೀತು." ಆ ನಾಲ್ಕು ಮಾತು ಕೇಳುವುದಕ್ಕೆ ಅವನು ವಾರವಿಡೀ ಕಾಯುತ್ತಿದ್ದ.

ನದಿ ಎಂದು ಹಾಸಿದ್ದ ನೀಲಿ ಲೈನಿಂಗ್ ಬಟ್ಟೆಯ ಅಂಚು ಎಳೆ ಬಿಟ್ಟಿತ್ತು. ಅದನ್ನು ಕೆಳಗೊಯ್ದು ಎರಡು ದಡಕ್ಕೂ ಮಡಿಸಿ ಹೊಲಿದು ತಂದ. ಹೆಂಡತಿ ಅದನ್ನು ಅಂಗಡಿಯಲ್ಲಿ ನೋಡಿ "ಇದು ಯಾರ ಬಟ್ಟೆ? ಇಷ್ಟು ವಕ್ರವಾಗಿ ಯಾರಿಗೆ ಹೊಲೀತಿದ್ದೀರ?" ಎಂದಾಗ "ನದಿಗೆ" ಎಂದ. ಅವಳು ಅವನ ಹಣೆ ಮುಟ್ಟಿ ನೋಡಿದಳು.

ಹೀಗೆ ಏಳೆಂಟು ತಿಂಗಳು ಸುಖವಾಗಿತ್ತು. ಆಮೇಲೆ ಒಂದು ಶನಿವಾರ ಆ ಅನಾಹುತ ನಡೆಯಿತು. ಕಾಂಪೌಂಡರ್ ತನ್ನ ಆನೆಯನ್ನು ಸೇತುವೆಯ ಕಡೆ ಸರಿಸುತ್ತಿದ್ದ. ಟೈಲರ್ ಸುಮ್ಮನೆ ಕೂತಿದ್ದವನು, ಇದ್ದಕ್ಕಿದ್ದಂತೆ ಮನಸ್ಸಿನಲ್ಲೇ 'ಅಯ್ಯೋ, ಬೇಡ, ಮೇಷ್ಟ್ರು ಎಡಗಡೆ ಗುಡ್ಡದ ಹಿಂದೆ ಬಿಲ್ಲಿನವರನ್ನ ಇಟ್ಟಿದ್ದಾರೆ, ಮುಂದಿನ ಸರದಿಗೆ ಸೇತುವೆ ಮುರಿಯುತ್ತೆ' ಎಂದುಕೊಂಡ. ಮುಂದಿನ ಸರದಿಗೆ ಸೇತುವೆ ಮುರಿಯಿತು. ಇದು ತನಗೆ ಹೇಗೆ ಗೊತ್ತಾಯಿತು? ಯಾರೂ ಹೇಳಿಕೊಟ್ಟಿರಲಿಲ್ಲ, ಅವನು ಕಲಿಯಲೂ ಹೊರಟಿರಲಿಲ್ಲ. ಜ್ವರ ಬಂದ ಹಾಗೆ ಆಟ ತಾನಾಗಿ ಬಂದುಬಿಟ್ಟಿತ್ತು.

ಬಂದದ್ದನ್ನು ಓಡಿಸಲು ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಮೇಷ್ಟ್ರು ಪುಸ್ತಕ ಓದುವಾಗ ಕಿಟಕಿಯಾಚೆ ನೋಡಿದ. ಅವರು ದಾಳ ಉರುಳಿಸುವಾಗ ಮನಸ್ಸಿನಲ್ಲೇ ಹಿಂದಿನ ವಾರದ ಗಿರಾಕಿಗಳ ಸೊಂಟದ ಅಳತೆ ಹೇಳಿಕೊಂಡ, ಮೂವತ್ತೆರಡು, ಮೂವತ್ತಾರು, ನಲವತ್ತೊಂದೂವರೆ. ಏನೂ ಫಲವಿಲ್ಲ. ಗಮನ ಕೊಡದಿದ್ದಷ್ಟೂ ತಿಳುವಳಿಕೆ ಹೆಚ್ಚುತ್ತಾ ಹೋಯಿತು. ಕೊನೆಗೆ ಬೇರೆ ದಾರಿ ಕಾಣದೆ ಬೆಪ್ಪುತಕ್ಕಡಿಯ ವೇಷ ಹಾಕಿದ. ಆಟ ಜೋರಾಗಿ ನಡೆದಾಗ ಕತ್ತು ಚಾಚಿ "ಅಲ್ಲಾ, ಈ ಒಂಟೆ ಯಾರ ಕಡೇದು?" ಎನ್ನುವನು. ಪೇಂಟರ್ ನಕ್ಕು "ಟೈಲರೇ, ನೀವು ಬಂಗಾರ" ಎನ್ನುವನು. ಅವತ್ತಿಗೆ ಕುರ್ಚಿ ಉಳಿಯಿತೆಂದು ಇವನು ಉಸಿರು ಬಿಡುವನು.

ವೇಷವೆಂದರೆ ಹಾಗೆ, ಸಂಜೆ ಆರಕ್ಕೆ ಕಳಚಿಡು ಎಂದರೆ ಕಳಚುವುದಿಲ್ಲ. ಗಿರಾಕಿ ಪ್ಯಾಂಟು ಕೊಟ್ಟರೆ "ಇದು ಯಾರ ಕಡೇದು?" ಎಂದುಬಿಟ್ಟ. ಮನೆಯಲ್ಲಿ ಮಗಳು "ಅಪ್ಪಾ, ಟೈಮೆಷ್ಟು?" ಎಂದರೆ ಗೋಡೆ ಗಡಿಯಾರದ ಮುಂದೆಯೇ ನಿಂತು "ಗೊತ್ತಿಲ್ಲಮ್ಮ" ಎಂದ. ಯಾವುದು ತನಗೆ ನಿಜವಾಗಿ ಗೊತ್ತಿಲ್ಲ, ಯಾವುದು ಗೊತ್ತಿದ್ದೂ ಗೊತ್ತಿಲ್ಲದ್ದು ಎಂದು ಒಳಗೊಳಗೇ ಗೋಜಲಾಯಿತು. ರಾತ್ರಿಯೂಟಕ್ಕೆ ಕೂತಾಗ ಹೆಂಡತಿ ದುರುಗುಟ್ಟಿ ನೋಡಿದಳು.

"ರೀ, ನಿಮಗೆ ಏನಾಗಿದೆ?"

"ಗೊತ್ತಿಲ್ಲ ಕಣೇ."

"ನಿಮಗೆ ಏನು ತಾನೇ ಗೊತ್ತು?"

ಎಷ್ಟೋ ಗೊತ್ತಿತ್ತು. ತೊಟ್ಟಿಯ ನೀರು ಆರಿದರೆ ಜನರಲ್‌ಗೆ ಎಷ್ಟು ಸಿಟ್ಟು ಬರುತ್ತದೆ, ಗುಡ್ಡದ ರಾಜ ಕಳಿಸುವ ದಾರಿ ತೋರಿಸುವವನು ದೊರೆಯ ಸೈನ್ಯವನ್ನು ಹೇಗೆ ಒಂದೇ ಗುಡ್ಡಕ್ಕೆ ಮೂರು ಸುತ್ತು ಹಾಕಿಸುತ್ತಾನೆ, ಎಲ್ಲ ಗೊತ್ತಿತ್ತು. ಹೇಳಿಕೊಳ್ಳಬೇಕೆಂದು ನಾಲಿಗೆ ತುರಿಸುತ್ತಿತ್ತು. ಹೇಳಿದರೆ ಅವಳು ಮಾರನೇ ದಿನ ಔಷಧಿ ಅಂಗಡಿಯಲ್ಲಿ "ನಮ್ಮನೆಯವರಿಗೆ ನಿಮ್ಮ ಆಟ ಎಲ್ಲಾ ಬರುತ್ತಂತೆ" ಎಂದುಬಿಟ್ಟರೆ? ಬಾಯಿಗೆ ಬೀಗ ಹಾಕಿಕೊಂಡು ಉಂಡ.

ವರ್ಷ ತುಂಬಿತು. ಬಳಗದ ಪದ್ಧತಿಯಂತೆ ತೀರ್ಪುಗಾರನಿಗೆ ಮತ್ತೆ ಪರೀಕ್ಷೆ, ಮತ್ತೆ ಇಪ್ಪತ್ತು ಪ್ರಶ್ನೆ. ಆ ವಾರವೆಲ್ಲ ಟೈಲರ್ ಹೊಲಿದ ಹೊಲಿಗೆ ಒಂದೂ ನೆಟ್ಟಗಿಲ್ಲ. ಪರೀಕ್ಷೆಗೆ ಓದಿ ಹೆದರುವವರುಂಟು, ಓದಿದ್ದು ನೆನಪಿದೆಯಲ್ಲ ಎಂದು ಹೆದರಿದವನು ಇವನು. ಶನಿವಾರ ಹಾಳೆ ಕೈಗೆ ಬಂತು. ಓದಿದ ಕೂಡಲೇ ಉತ್ತರ ಎದ್ದು ನಿಲ್ಲುತ್ತಿತ್ತು. ಹಲ್ಲು ಕಚ್ಚಿ ಅದರ ಉಲ್ಟಾ ಬರೆದ. ತೊಟ್ಟಿಯಲ್ಲಿರುವಾಗ ಫಿರಂಗಿ ಹಾರಿಸಬಹುದೇ? ಹಾರಿಸಬಾರದು, ಆದ್ದರಿಂದ 'ಹೌದು'. ಒಂದೊಂದನ್ನೂ ಎರಡೆರಡು ಸಲ ನೋಡಿ, ಒಂದು ಕೂಡ ಸರಿಯಾಗಿ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡು ಹಾಳೆ ಕೊಟ್ಟ. ಕೆಲಸದಲ್ಲಿ ಅಷ್ಟು ಅಚ್ಚುಕಟ್ಟು ಮನುಷ್ಯ.

ಮೇಷ್ಟ್ರು ತಿದ್ದುತ್ತಾ ಹೋದಂತೆ ಹಾಳೆ ಕೆಂಪಾಯಿತು. ಕಾಂಪೌಂಡರ್ ಹೆಗಲ ಮೇಲಿಂದ ಬಗ್ಗಿ ನೋಡಿ ಕೂಗಿದ: "ಇಪ್ಪತ್ತಕ್ಕೆ ಸೊನ್ನೆ! ಒಂದೂ ಸರಿ ಇಲ್ಲ! ಭಲೇ ಟೈಲರ್!" ಎಲ್ಲರೂ ಚಪ್ಪಾಳೆ ತಟ್ಟಿದರು. ಟೈಲರ್ ತಲೆ ತಗ್ಗಿಸಿ ನಕ್ಕ. ಮೇಷ್ಟ್ರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

"ಕಾಂಪೌಂಡರೇ, ಜೇಬಲ್ಲಿ ನಾಣ್ಯ ಇದ್ರೆ ತೆಗೀರಿ. ಇಪ್ಪತ್ತು ಸಲ ಹಾರ್ಸಿ. ಅಂಕಿ ಬಿದ್ರೆ ಹೌದು, ಇನ್ನೊಂದು ಬಿದ್ರೆ ಇಲ್ಲ."

ಯಾರಿಗೂ ಏನೂ ಅರ್ಥವಾಗಲಿಲ್ಲ. ಆದರೂ ಕಾಂಪೌಂಡರ್ ನಾಣ್ಯ ಹಾರಿಸಿದ. ಮೇಷ್ಟ್ರು ಒಂದೊಂದಾಗಿ ಬರೆದುಕೊಂಡು ತಿದ್ದಿದರು.

"ನಾಣ್ಯಕ್ಕೆ ಹನ್ನೊಂದು ಸರಿ. ನಾಣ್ಯಕ್ಕೆ ಆಟ ಬರುತ್ತಾ?"

"ಎಲ್ಲಿಂದ ಬರ್ಬೇಕು ಮೇಷ್ಟ್ರೇ?"

"ಹೋದ ವರ್ಷ ಟೈಲರ್‌ಗೆ ಒಂಬತ್ತು ಸರಿ. ಏನೂ ಗೊತ್ತಿಲ್ದೆ ಹೌದು ಇಲ್ಲ ಅಂತ ಗೀಚಿದ್ರೆ ಅರ್ಧದಷ್ಟು ತಾನಾಗೇ ಸರಿ ಬೀಳುತ್ತೆ. ಇಪ್ಪತ್ತಕ್ಕೆ ಇಪ್ಪತ್ತೂ ತಪ್ಪಾಗ್ಬೇಕು ಅಂದ್ರೆ..." ಮೇಷ್ಟ್ರು ಟೈಲರ್‌ನತ್ತ ನೋಡಲಿಲ್ಲ. "ಇಪ್ಪತ್ತೂ ಗೊತ್ತಿರಬೇಕು."

ಕೋಣೆಯಲ್ಲಿ ಎಲ್ಲರೂ ಕಕ್ಕಾಬಿಕ್ಕಿ.

"ಅಂದ್ರೆ ಎಲ್ಲಾ ತಪ್ಪು ಬರೆದೋರು ಎಲ್ಲಾ ಸರಿ ಬರೆದ ಹಾಗಾ?" ಎಂದ ಪೇಂಟರ್.

"ಹಾಗೇ."

"ಎಲ್ಲಾ ಸರಿ ಬರೆದಿದ್ರೆ?"

"ಆಗಲೂ ಗೊತ್ತು ಅಂತಲೇ."

"ಸರಿ ಬರೆದ್ರೂ ಗೊತ್ತು, ತಪ್ಪು ಬರೆದ್ರೂ ಗೊತ್ತು! ಇದೆಂಥ ಪರೀಕ್ಷೆ?" ಕಾಂಪೌಂಡರ್ ಸಿಡಿದ. "ಪಾಪ, ಅವ್ರ ಹಣೆಬರಹ ನೆಟ್ಟಗಿಲ್ಲ, ಎಲ್ಲಾ ತಪ್ಪಾಯ್ತು. ಅದಕ್ಕೆ ಗಣಿತ ಯಾಕೆ ತರ್ತೀರಿ? ಒಂಟೆ ಯಾರದು ಅಂತ ಹೋದ ವಾರ ಕೂಡ ಕೇಳಿದ್ರು!"

ಮೂವರು ಮೇಷ್ಟ್ರ ಕಡೆ, ಮೂವರು ಕಾಂಪೌಂಡರ್ ಕಡೆ. ನಾಣ್ಯ ಮತ್ತೆ ಹಾರಿತು, ಈ ಸಲ ಎಂಟು ಸರಿ ಬಂತು, ಜಗಳ ಇನ್ನಷ್ಟು ಏರಿತು. ಮೇಜು ಅಲ್ಲಾಡಿ ಅರ್ಧ ಸೈನ್ಯ ಮಗುಚಿ ಬಿತ್ತು. ಕೋಟೆ ಎಸೆದ ಕಾಲ ಮತ್ತೆ ಬಂತೇ ಎಂದು ಟೈಲರ್‌ಗೆ ಭಯವಾಯಿತು. ಆಗ ಪೇಂಟರ್ ಗೋಡೆಯ ಫಲಕದ ಕಡೆ ಕೈ ತೋರಿಸಿದ. "ಇದು ಪುಸ್ತಕದಲ್ಲಿಲ್ಲ. ತಕರಾರು ಬಂದ್ರೆ ಯಾರು ಹೇಳ್ಬೇಕು? ತೀರ್ಪುಗಾರರು. ಟೈಲರೇ, ನಿಮಗೆ ಆಟ ಗೊತ್ತೋ ಇಲ್ವೋ, ನೀವೇ ತೀರ್ಪು ಹೇಳ್ಬಿಡಿ."

ನಿಶ್ಶಬ್ದವಾಯಿತು. ಆರು ಜನ ಅವನ ಬಾಯನ್ನೇ ನೋಡಿದರು.

ಗೊತ್ತಿಲ್ಲ ಎಂದರೆ ಸಾಕಿತ್ತು. ಯಾರೂ ಮರುಮಾತು ಆಡುತ್ತಿರಲಿಲ್ಲ, ಮೇಷ್ಟ್ರು ಕೂಡ ಗಣಿತವನ್ನು ಮಡಿಸಿ ಜೇಬಿಗಿಟ್ಟು ಮೇಜು ಕುಟ್ಟುತ್ತಿದ್ದರು. ಅದೇ ಅವನಿಗೆ ತಡೆಯಲಾಗಲಿಲ್ಲ. ಪೆದ್ದು ಪ್ರಶ್ನೆಗಳನ್ನು ಬೇಕಾದಷ್ಟು ಕೇಳಿದ್ದ, ಪರೀಕ್ಷೆಯಲ್ಲೂ ಮೋಸ ಮಾಡಿದ್ದ, ನಿಜ. ಆದರೆ ಆ ಕುರ್ಚಿಯಲ್ಲಿ ಕೂತು ಒಂದು ತೀರ್ಪನ್ನೂ ಸುಳ್ಳು ಹೇಳಿರಲಿಲ್ಲ. ಬಾಳಿನಲ್ಲಿ ಯಾರಾದರೂ ಅವನ ಮಾತಿಗೆ ಕಾದಿದ್ದರೆ ಈ ಕೋಣೆಯಲ್ಲಿ ಮಾತ್ರ. ಕುರ್ಚಿ ಬೇಕು, ತುಂಬಾ ಬೇಕು ಅನ್ನಿಸಿತು.

"ಗೊತ್ತು" ಎಂದ.

"ಯಾವಾಗಿಂದ?" ಕಾಂಪೌಂಡರ್‌ನ ದೊಡ್ಡ ಗಂಟಲು ಸಣ್ಣಗಾಗಿತ್ತು.

"ಆ ಸೇತುವೆ ಮುರೀತಲ್ಲ, ಆವತ್ತಿಂದ. ಆನೆ ಅಲ್ಲಿಗೆ ತರಬಾರದಿತ್ತು ನೀವು."

ಮೇಷ್ಟ್ರು ಮೇಜನ್ನು ಮೆಲ್ಲಗೆ ಕುಟ್ಟಿದರು. "ಟೈಲರ್ ಹೇಳಿದ ಮೇಲೆ ಮುಗೀತು." ಅವತ್ತೂ ಆ ಮಾತು ಕೇಳಿ ಅವನಿಗೆ ಸಂತೋಷವೇ ಆಯಿತು, ಅದು ಹೇಗೆಂದು ಅವನಿಗೇ ತಿಳಿಯಲಿಲ್ಲ. ಬಿದ್ದಿದ್ದ ಸಿಪಾಯಿಗಳನ್ನು ಎತ್ತಿ ನಿಲ್ಲಿಸಿದ, ಟೇಪನ್ನು ಕೊರಳಿಗೆ ಹಾಕಿಕೊಂಡು ಮೆಟ್ಟಿಲಿಳಿದ.

ಮುಂದಿನ ಮೂರು ಶನಿವಾರ ಅವನು ಕೆಳಗೇ ಕೂತಿದ್ದ. ಮೇಲೆ ಧಡಬಡ ಸದ್ದಾದರೆ ಇದು ಆನೆ, ಇದು ಕೋಟೆಬಾಗಿಲು ಎಂದು ಕೂತಲ್ಲೇ ತಿಳಿಯುತ್ತಿತ್ತು. ಹೊಸ ತೀರ್ಪುಗಾರರು ಬಂದಂತೆ ಹೋದರು. ಹಾಲಿನವನೊಬ್ಬ ಬಂದು ನನಗೂ ಸೈನ್ಯ ಕೊಡಿ ಎಂದು ಹಟ ಹಿಡಿದನಂತೆ. ವಕೀಲರ ಗುಮಾಸ್ತನೊಬ್ಬ ಹತ್ತು ನಿಮಿಷದಲ್ಲಿ ಆಟ ಕಲಿತು ಮೇಷ್ಟ್ರಿಗೇ ತಪ್ಪು ತೋರಿಸಿದನಂತೆ. ಇದನ್ನೆಲ್ಲ ಪೇಂಟರ್ ದಾರಿಯಲ್ಲಿ ಸಿಕ್ಕಾಗ ಹೇಳಿದ. ಟೈಲರ್ ಹೂಂಗುಟ್ಟಿದ. ಮನೆಯಲ್ಲೂ ಬರೀ ಹೂಂಗುಟ್ಟುತ್ತಿದ್ದ, ಹೆಂಡತಿ ಎರಡು ಸಲ ಏನಾಯಿತೆಂದು ಕೇಳಿ ಸುಮ್ಮನಾದಳು.

ನಾಲ್ಕನೆಯ ಶನಿವಾರ ಮೂರೂಕಾಲಿಗೆ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು.

"ಟೈಲರೇ, ಟೇಪು ಕೊಡ್ತೀರಾ?"

"ಟೇಪು ಕೈಬಿಟ್ಟು ಕೊಡಲ್ಲ ಅಂತ ನಿಮಗೆ ಗೊತ್ತಲ್ಲ ಮೇಷ್ಟ್ರೇ."

"ಗೊತ್ತು. ಅದಕ್ಕೇ ಬಂದೆ." ಮೇಷ್ಟ್ರು ಬೇರೆ ಕಡೆ ನೋಡುತ್ತಾ ಹೇಳಿದರು. "ಅಳೆಯೋದಕ್ಕೆ ಮಾತ್ರ. ಇಂಚು ಎಷ್ಟು ಅಂತ ಹೇಳಬಹುದು, ಇನ್ನೊಂದು ಮಾತು ಆಡೋ ಹಾಗಿಲ್ಲ. ಹೊಸ ತೀರ್ಪುಗಾರರು ಸಿಕ್ಕಿದ್ದಾರೆ. ಬಹಳ ಖಡಕ್ಕು. ಇಪ್ಪತ್ತಕ್ಕೆ ಹತ್ತು."

ಅಷ್ಟೇ ಆದರೂ ಸಾಕೆಂದು ಟೈಲರ್ ಎದ್ದ, ಕಾಲು ಅವನಿಗಿಂತ ಮೊದಲೇ ಮೆಟ್ಟಿಲು ಹತ್ತಿತು. ಮೇಲೆ ಹೋಗಿ ನೋಡಿದರೆ ಅವನ ಕುರ್ಚಿಯಲ್ಲಿ ಅವನ ಹೆಂಡತಿ ಕೂತಿದ್ದಳು.

ಆಗಿದ್ದೇನೆಂದರೆ, ವಾರದ ನಡುವೆ ಟೈಲರ್ ದಾರ ತರಲು ಹೋಗಿದ್ದಾಗ ಮೇಷ್ಟ್ರು ಪ್ಯಾಂಟು ಒಯ್ಯಲು ಬಂದಿದ್ದರು. ಅಂಗಡಿಯಲ್ಲಿದ್ದ ಇವಳು "ನಮ್ಮನೆಯವರಿಗೆ ಏನು ಮಾಡಿದ್ರಿ? ಮೂರು ವಾರದಿಂದ ಊಟ ಸೇರ್ತಿಲ್ಲ. ಅದೆಂಥ ಆಟ ನಿಮ್ಮದು?" ಎಂದು ತರಾಟೆಗೆ ತೆಗೆದುಕೊಂಡಳು. ಒಂದೂ ಗೊತ್ತಿಲ್ಲದೆ ಅಷ್ಟು ಗಟ್ಟಿಯಾಗಿ ತೀರ್ಪು ಹೇಳುವವರನ್ನು ಮೇಷ್ಟ್ರು ಎಲ್ಲಿ ಬಿಡುತ್ತಾರೆ? ಮನೆಗೆ ಬಣ್ಣ ಹೊಡೆಸಿದ ಹಾಗೆ ಇದನ್ನೂ ಅವಳು ಗಂಡನಿಗೆ ಹೇಳಿರಲಿಲ್ಲ.

ಟೈಲರ್ ಪೆಚ್ಚಾಗಿ ನಿಂತ. ಮನೆಯ ಕುರ್ಚಿಯೂ ಅವಳದೇ, ಇದೂ ಅವಳದೇ ಆಯಿತೇ ಎಂದು ಒಂದು ಕ್ಷಣ ಹೊಟ್ಟೆ ಉರಿಯಿತು. ಆದರೆ ಅವಳ ಮುಖ ನೋಡಿದರೆ ಅದು ಮನೆಯ ಮುಖವಾಗಿರಲಿಲ್ಲ. ಆರುನೂರು ಹಾಸಿಗೆ ಬಟ್ಟೆಗೆ ಹೆದರದವಳು ತೊಟ್ಟಿಯ ಜನರಲ್‌ನನ್ನು, ತಾನು ಹಿಂದೆ ಗಂಡನ ಕೈಯಲ್ಲಿ ನೋಡಿದ್ದ ನೀಲಿ ನದಿಯನ್ನು ನೋಡುತ್ತಾ ಕಣ್ಣು ಪಿಳಿಪಿಳಿ ಬಿಡುತ್ತಿದ್ದಳು. ಗಂಡ ಬಂದದ್ದು ಕಂಡು ಅವಳಿಗೆ ಜೀವ ಬಂದಂತಾಯಿತು.

"ರೀ, ಬಂದ್ರಾ? ಇಲ್ಲಿ ನೋಡಿ. ಈ ಒಂಟೆ ಯಾರ ಕಡೇದು?"

ಆರು ಜನ ಅವನ ಬಾಯನ್ನೇ ನೋಡಿದರು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ. ತನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಅವಳು ಅವನಿಗೆ ಕೇಳಿದ್ದು ಇದೇ ಮೊದಲು. ಅವನಿಗೆ ಗೊತ್ತಿತ್ತು. ಯಾರ ಒಂಟೆ, ಅದರ ಬೆನ್ನ ಮೇಲಿನ ಪಿಯಾನೋ ಯಾರು ನುಡಿಸುವುದು, ಒಂದು ಸರದಿಗೆ ಅದು ಎಷ್ಟು ಇಂಚು ನಡೆಯುತ್ತದೆ, ಎಲ್ಲ ನಾಲಿಗೆಯ ತುದಿಗೆ ಬಂತು. ಅವಳ ಪಕ್ಕದಲ್ಲಿ ಕೂತು ಒಂದೊಂದಾಗಿ ಹೇಳಬೇಕೆನ್ನಿಸಿತು. ಹೇಳಿದರೆ ಅವಳಿಗೆ ಆಟ ಬಂದುಬಿಡುತ್ತದೆ. ಬಂದ ದಿನ ಅವಳೂ ಎದ್ದು ಹೋಗಬೇಕು. ಗೋಡೆಯ ಫಲಕ ಅವನ ಎದುರಿಗೇ ಇತ್ತು.

"ಗೊತ್ತಿಲ್ಲ ಕಣೇ" ಎಂದ.

"ವರ್ಷಗಟ್ಟಲೆ ಇಲ್ಲಿ ಬಂದು ಕೂತು ಒಂದು ಒಂಟೆ ಯಾರದು ಅಂತಲೂ ತಿಳ್ಕೊಂಡಿಲ್ವಾ? ಏನು ಮನುಷ್ಯರೋ!" ಎಂದಳು ಅವಳು, ಎಲ್ಲರೆದುರಿಗೂ. ಕಾಂಪೌಂಡರ್ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ. ಮೇಷ್ಟ್ರು ಪುಸ್ತಕದೊಳಗೆ ತಲೆ ಹುದುಗಿಸಿದರು.

"ಹೋಗಲಿ, ಅದರಿಂದ ನದಿಗೆ ಎಷ್ಟಾಗುತ್ತೆ, ಅದನ್ನಾದ್ರೂ ಅಳೀರಿ."

ಟೈಲರ್ ಕೊರಳಿಂದ ಟೇಪು ತೆಗೆದ. ಒಂಟೆಯ ಮುಂಗಾಲಿನಿಂದ ತಾನೇ ಹೊಲಿದ ದಡದವರೆಗೆ ಹಿಡಿದು, ಎರಡು ಸಲ ನೋಡಿದ.

"ಏಳು ಇಂಚು" ಎಂದ. ಅಷ್ಟು ಹೇಳಲು ಅವನಿಗೆ ಅಪ್ಪಣೆಯಿತ್ತು.